ಕೆಲಸಕ್ಕೆ ಮೈಯೋ, ಮೈಗೆ ಕೆಲಸವೋ?

ದುಡಿಯುವವರ ಮೈಕಟ್ಟು, ಅಳತೆ, ಶಕ್ತಿ ಇವುಗಳಿಗೆ ತಕ್ಕಂತೆ ಉಪಕರಣವನ್ನೂ ಕೆಲಸದ ಸ್ಥಳವನ್ನೂ ಹೊಂದಿಸುವುದು ಹೇಗೆಂದು ವಿಚಾರಮಾಡುವ ಒಂದು ಶಾಸ್ತ್ರವಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಎರ್ಗೊನಾಮಿಕ್ಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಎರ್ಗಾನ್’ ಎಂದರೆ ಕೆಲಸ, ‘ನೊಮೊಸ್’ ಎಂದರೆ ನಿಯಮ. ಪೋಲೆಂಡಿನ ವಿದ್ವಾಂಸನೊಬ್ಬ 1857ರಲ್ಲಿಯೇ ಈ ಪದವನ್ನು ಬಳಸಿದ್ದನಾದರೂ, 1949ರಲ್ಲಿ ಬ್ರಿಟನ್ನಿನಲ್ಲಿ ಇದಕ್ಕಾಗಿ ಸಂಘವೊಂದು ಹುಟ್ಟಿದ ಮೇಲೆ ಅದು ಪ್ರಚಾರಕ್ಕೆ ಬಂತು. ಕನ್ನಡದಲ್ಲಿ ಶ್ರಮವಿಜ್ಞಾನ ಎನ್ನಬಹುದು. ನಮ್ಮ ‘ಕಾಯಕ’ ಎಂಬ ಮಾತಿನೊಳಗೆ ‘ಕಾಯ’ ಅಡಗಿದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೈಯನ್ನು ಮರೆತ ದುಡಿಮೆಗೆ ಆ ಹೆಸರು ಒಪ್ಪದು.

ಈ ಶಾಸ್ತ್ರ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸೇರಿದ್ದೆಂದು ತಿಳಿಯಬಾರದು. ಕಲ್ಯಾಣದುರ್ಗದ ಕಡೆಯ ಕಡಲೆಕಾಯಿ ಹೊಲಗಳನ್ನೇ ನೋಡೋಣ. ಕಳೆ ತೆಗೆಯುವ ಹೆಂಗಸರು ಗೇಣುದ್ದದ ಹಿಡಿಯ ಕುರ್ಚಿಗೆ ಹಿಡಿದು ಬೆಳಗಿನಿಂದ ಬಾಗಿರುತ್ತಾರೆ, ಇಲ್ಲವೆ ಕುಕ್ಕರಗಾಲಿನಲ್ಲಿ ಕುಳಿತು ಸಾಲಿನುದ್ದಕ್ಕೂ ಸರಿಯುತ್ತಾರೆ. ಸಂಜೆ ಸೊಂಟ ಹಿಡಿಯಿತೆಂದರೆ ‘ವಯಸ್ಸಾಯಿತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಇದು ವಯಸ್ಸಿನ ಮಾತಲ್ಲ, ಸನ್ನೆಯ ಲೆಕ್ಕ. ಭೌತಶಾಸ್ತ್ರದ ತರಗತಿಯಲ್ಲಿ ಕಲಿತ ಸನ್ನೆಯನ್ನು ಇಲ್ಲಿ ನೆನಪಿಗೆ ತಂದುಕೊಳ್ಳಿರಿ. ಬಾಗಿದಾಗ ಸೊಂಟದ ಕೀಲೇ ಆನಿಕೆ. ತಲೆ, ತೋಳು, ಮುಂಡ ಸೇರಿ 30 ಕಿಲೋ ತೂಕವೆನ್ನೋಣ. ಅದರ ಭಾರಕೇಂದ್ರ ಆನಿಕೆಯಿಂದ ಸುಮಾರು 30 ಸೆಂಟಿಮೀಟರ್ ಮುಂದಿದೆ. ಇದನ್ನು ಹಿಡಿದು ನಿಲ್ಲಿಸುವ ಬೆನ್ನಿನ ಸ್ನಾಯುಗಳಾದರೋ ಆನಿಕೆಯಿಂದ ಸುಮಾರು 5 ಸೆಂಟಿಮೀಟರ್ ಮಾತ್ರ ಹಿಂದಿವೆ. 30ನ್ನು 30ರಿಂದ ಗುಣಿಸಿ 5ರಿಂದ ಭಾಗಿಸಿದರೆ 180. ಕೈಯಲ್ಲಿ ಹುಲ್ಲುಕಡ್ಡಿಯೂ ಇಲ್ಲದೆ ಬರಿದೆ ಬಾಗಿ ನಿಂತರೂ ಬೆನ್ನಿನ ಸ್ನಾಯುಗಳು 180 ಕಿಲೋ ಭಾರದಷ್ಟು ಬಲದಿಂದ ಎಳೆಯಬೇಕಾಗುತ್ತದೆ! ಲೆಕ್ಕ ಸ್ಥೂಲವಾದುದೇ, ಆದರೆ ಸಂಗತಿ ನಿಜ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿಯೂ ಹೊಲದ ಕೂಲಿಗಳಿಗೆ ಇಂಥದೇ ಗಿಡ್ಡ ಹಿಡಿಯ ಗುದ್ದಲಿ ಕೊಡುತ್ತಿದ್ದರು. ಉದ್ದ ಹಿಡಿಯಾದರೆ ಬೆಳೆ ಕೆಡುತ್ತದೆಂದು ಮಾಲೀಕರು ವಾದಿಸಿದರು. ಬೆನ್ನು ಕೆಟ್ಟವರ ಪರವಾಗಿ ವಕೀಲರು ಹೋರಾಡಿ, ವೈದ್ಯರು ಸಾಕ್ಷಿ ಹೇಳಿ, ಕೊನೆಗೆ 1975ರಲ್ಲಿ ಆ ಗುದ್ದಲಿ ನಿಷಿದ್ಧವಾಯಿತು. ಬದಲಾದದ್ದು ಒಂದು ಮರದ ಹಿಡಿಯ ಉದ್ದ, ಅಷ್ಟೆ. ನಿಂತು ತಳ್ಳುವ ಚಕ್ರದ ಕಳೆಗುದ್ದಲಿ ನಮ್ಮಲ್ಲಿಯೂ ಸಿಗುತ್ತದೆ. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯವರು ಕುಳಿತು ನಡೆಸುವ ಕಡಲೆಕಾಯಿ ಸುಲಿಯುವ ಯಂತ್ರವನ್ನೂ ರೂಪಿಸಿದ್ದಾರೆ. ಗಂಡಸಿನ ಅಳತೆಗೆ ಮಾಡಿದ ಹಿಡಿ ಹೆಂಗಸಿನ ಕೈಗೆ ಒಗ್ಗುವುದಿಲ್ಲವಾದ್ದರಿಂದ ಸ್ತ್ರೀಯರ ಅಂಗೈ, ಮೊಣಕೈ, ಎತ್ತರಗಳನ್ನು ಅಳೆಯುವುದೂ ಈ ಶಾಸ್ತ್ರದವರ ಕೆಲಸ.

ಇನ್ನು ಹಿಂದೂಪುರ. (2022ರಲ್ಲಿ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು, ಸೊಂಟನೋವಿಗೆ ಜಿಲ್ಲೆಯ ಗಡಿಯಿಲ್ಲ.) ಇಲ್ಲಿಯ ಗೂಡಿನ ಮಾರುಕಟ್ಟೆ ಎಲ್ಲರಿಗೂ ಗೊತ್ತು. ಹಳೆಯ ಚರಕದಲ್ಲಿ ಗೂಡು ಬೇಯಿಸುವುದೂ ನೂಲು ತೆಗೆಯುವುದೂ ಒಂದೇ ಪಾತ್ರೆಯಲ್ಲಿ. ಕುದಿಯುವ ನೀರಿನ ಅಂಚಿನಲ್ಲಿಯೇ ಬೆರಳು. ಕಾಟೇಜ್ ಬೇಸಿನ್ ಬಂದ ಮೇಲೆ ಬೇಯಿಸುವ ಪಾತ್ರೆ ಬೇರೆಯಾಯಿತು, ನೂಲು ತೆಗೆಯುವ ನೀರಿನ ಬಿಸಿ ಇಳಿಯಿತು. ಕೈಯೂ ಉಳಿಯಿತು, ನೂಲೂ ಸುಧಾರಿಸಿತು. ಮೈಗೆ ಹಿತವಾದರೆ ಉತ್ಪತ್ತಿ ಕುಗ್ಗುತ್ತದೆಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕೆ?

ಹಿರಿಯರಿಗೆ ಈ ವಿವೇಕವಿರಲಿಲ್ಲವೆಂದಲ್ಲ. ಗುಂಡಿಮಗ್ಗವನ್ನು ನೋಡಿರಿ. ನೇಕಾರನು ನೆಲಮಟ್ಟದಲ್ಲಿ ಕುಳಿತು ಕಾಲನ್ನು ಗುಂಡಿಗೆ ಇಳಿಬಿಡುತ್ತಾನೆ. ಮೊಣಕಾಲು ಮಡಚಿ ನೋಯುವುದಿಲ್ಲ. ಕುರ್ಚಿಯಿಲ್ಲದೆ ಕುರ್ಚಿಯ ಸುಖ. ಆದರೆ ಬೆನ್ನಿಗೆ ಒರಗಿಲ್ಲ, ಬೆಳಕೂ ಸಾಲದು.

ಮೂಟೆ ಹೊರುವವರ ವಿಷಯದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿಯೇ ವಯಸ್ಕ ಗಂಡಸಿಗೆ 55 ಕಿಲೋ ಮೇರೆಯೆಂದು ಶಿಫಾರಸು ಮಾಡಿತು. ಹೆಂಗಸರಿಗೂ ಹದಿಹರೆಯದವರಿಗೂ ಅದಕ್ಕಿಂತ ಬಹಳ ಕಡಿಮೆ ಇರಬೇಕೆಂದಿತು. ರಜೆಯಲ್ಲಿ ಮಂಡಿಗೆ ಮಕ್ಕಳನ್ನು ಜೊತೆಗೊಯ್ಯುವ ತಂದೆಯರು ಈ ಸಂಖ್ಯೆಯನ್ನು ದಯವಿಟ್ಟು ಇನ್ನೊಮ್ಮೆ ಓದಬೇಕು.

ಒಂಬತ್ತನೆಯ ತರಗತಿಯವರಿಗೆ ಒಂದು ಅಭ್ಯಾಸ. ಮನೆಯಲ್ಲಿ ತಾಯಿ ರೊಟ್ಟಿ ತಟ್ಟುವ, ಪಾತ್ರೆ ತೊಳೆಯುವ ಜಾಗದ ಎತ್ತರವನ್ನು ನೆಲದಿಂದ ಅಳೆಯಿರಿ. ಆಕೆ ನೆಟ್ಟಗೆ ನಿಂತಾಗ ಮೊಣಕೈ ನೆಲದಿಂದ ಎಷ್ಟು ಎತ್ತರವೆಂಬುದನ್ನೂ ಅಳೆಯಿರಿ. ನಿಂತು ಮಾಡುವ ಕೆಲಸಕ್ಕೆ ಹಲಗೆ ಮೊಣಕೈಗಿಂತ ಸ್ವಲ್ಪವೇ ತಗ್ಗಿರಬೇಕು. ಎರಡು ಸಂಖ್ಯೆಗಳನ್ನೂ ಬರೆದು ತನ್ನಿರಿ; ಸೋಮವಾರ ಕಪ್ಪುಹಲಗೆಯ ಮೇಲೆ ಎಲ್ಲರದನ್ನೂ ಸಾಲಾಗಿ ಬರೆದು ನೋಡೋಣ.