ಸಾಮಾನ್ಯ ವಿಜ್ಞಾನ: ತೆಳು ಲೋಹ, ಎಲೆಕ್ಟ್ರಾನ್ ಮತ್ತು ಮೈಕ್ರೋವೇವ್

1. ಮೈಕ್ರೋವೇವ್: ವಿದ್ಯುತ್ಕಾಂತೀಯ ಅಲೆ. ಆವರ್ತನ 300 ಮೆಗಾಹರ್ಟ್ಸ್–300 ಗಿಗಾಹರ್ಟ್ಸ್. ತರಂಗಾಂತರ 1 ಮೀ.–1 ಮಿ.ಮೀ.

2. ಲೋಹ ಮೈಕ್ರೋವೇವ್ ತಡೆಯಲು ಕಾರಣ: ಅಲೆಯ ವಿದ್ಯುತ್ ಕ್ಷೇತ್ರ ಲೋಹದ ಮುಕ್ತ ಎಲೆಕ್ಟ್ರಾನ್‌ಗಳನ್ನು ಓಲಾಡಿಸುತ್ತದೆ. ಆ ಪ್ರವಾಹ ಎದುರು ಅಲೆ ಹೊಮ್ಮಿಸುತ್ತದೆ. ಫಲ: ಬಹುಪಾಲು ಪ್ರತಿಫಲನ, ಅಲ್ಪಪಾಲು ಶಾಖ.

3. ಸ್ಕಿನ್ ಡೆಪ್ತ್: ಕ್ಷೇತ್ರದ ಬಲ ಸುಮಾರು 37%ಕ್ಕೆ ಇಳಿಯುವ ಆಳ. 10 ಗಿಗಾಹರ್ಟ್ಸ್‌ನಲ್ಲಿ ತಾಮ್ರ 0.66, ಅಲ್ಯೂಮಿನಿಯಂ 0.82 ಮೈಕ್ರೋಮೀಟರ್.

4. ಆವರ್ತನ 4 ಪಟ್ಟಾದರೆ ಈ ಆಳ ಅರ್ಧ. ರೋಧಶೀಲತೆ ಹೆಚ್ಚಿದರೆ ಆಳವೂ ಹೆಚ್ಚು.

5. ಅತಿ ತೆಳು ಪದರ: ಎಲೆಕ್ಟ್ರಾನ್‌ಗಳು ಮೇಲ್ಮೈಗೆ ಡಿಕ್ಕಿ ಹೊಡೆಯುವುದರಿಂದ ರೋಧಶೀಲತೆ ಏರುತ್ತದೆ (ಫುಕ್ಸ್, 1938; ಸೋಂಡ್‌ಹೈಮರ್, 1952).

6. ತೆಳು ಪದರದ ಚದರ ರೋಧ (ರೋಧಶೀಲತೆ ÷ ದಪ್ಪ) 188.5 ಓಮ್ (ನಿರ್ವಾತದ ತರಂಗ ಪ್ರತಿಬಾಧೆ 377 ಓಮ್‌ನ ಅರ್ಧ) ಇದ್ದಾಗ ಹೀರಿಕೆ ಗರಿಷ್ಠ: 50% ಹೀರಿಕೆ, 25% ಪ್ರತಿಫಲನ, 25% ಪ್ರಸರಣ.

7. ಸ್ಥಳೀಯ ಉದಾಹರಣೆ: ಆಳಂದ, ಅಫಜಲಪುರ, ಜೇವರ್ಗಿ ಕಡೆಯ ತಗಡಿನ ಶೆಡ್. ಮೊಬೈಲ್ ಸಿಗ್ನಲ್ ತಗಡನ್ನು ತೂರುವುದಿಲ್ಲ. ಬಾಗಿಲು, ಕಿಟಕಿ, ಸಂದುಗಳಿಂದ ಒಳಬರುತ್ತದೆ.

8. ರಾಜ್ಯದ ಉದಾಹರಣೆ: ಬ್ಯಾಲಾಳು (ಬೆಂಗಳೂರು ಸಮೀಪ), ಇಸ್ರೋದ 32 ಮೀ. ಆಂಟೆನಾ, 2008. ಲೋಹದ ಪ್ರತಿಫಲನವೇ ಆಧಾರ.

ಗೊಂದಲ ಬೇಡ:
• ಸ್ಕಿನ್ ಡೆಪ್ತ್‌ಗಿಂತ ತೆಳುವಾದ ಲೋಹ ಪಾರದರ್ಶಕ ಎಂಬುದು ತಪ್ಪು. ಚದರ ರೋಧ 377 ಓಮ್‌ಗಿಂತ ತೀರಾ ಕಡಿಮೆಯಿದ್ದರೆ ಅದೂ ಪ್ರತಿಫಲಿಸುತ್ತದೆ.
• ಅತಿಶೀತದಲ್ಲಿ ಎಲೆಕ್ಟ್ರಾನ್‌ನ ಸರಾಸರಿ ಮುಕ್ತಪಥ ಸ್ಕಿನ್ ಡೆಪ್ತ್ ಮೀರಿದರೆ ಅದು ಅಸಂಗತ ಸ್ಕಿನ್ ಪರಿಣಾಮ (ಪಿಪ್ಪಾರ್ಡ್, 1947).

ಮಾದರಿ ಪ್ರಶ್ನೆ: ಆವರ್ತನ 9 ಪಟ್ಟಾದರೆ ಸ್ಕಿನ್ ಡೆಪ್ತ್ ಎಷ್ಟು? ಉತ್ತರ: ಮೂರನೇ ಒಂದು ಭಾಗ.