ಕೈಗಡಿಯಾರ ನಾಡಿಯನ್ನು ಎಣಿಸುತ್ತದೆ, ಎದೆನೋವನ್ನು ಅರಿಯುವುದಿಲ್ಲ

(ಗ್ರಾಮ ಮಟ್ಟದ ಕಾರ್ಯಕರ್ತರೊಬ್ಬರಿಂದ)



ಈಚೆಗೆ ನಮ್ಮ ಹಳ್ಳಿಗಳಲ್ಲಿ ನಾಡಿ ಎಣಿಸುವ ಕೈಗಡಿಯಾರ ಕಟ್ಟಿದವರು ಅಲ್ಲಲ್ಲಿ ಕಾಣಸಿಗುತ್ತಾರೆ. ಪಟ್ಟಣದಲ್ಲಿ ದುಡಿಯುವ ಮಗ ಹಬ್ಬಕ್ಕೆ ಬಂದಾಗ ತಂದೆಯ ಕೈಗೆ ಒಂದನ್ನು ಕಟ್ಟಿ ಹೋಗುತ್ತಾನೆ. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರು "ನಿನ್ನದೆಷ್ಟು, ನನ್ನದೆಷ್ಟು" ಎಂದು ಅಂಕೆ ಹೋಲಿಸಿಕೊಳ್ಳುವುದನ್ನೂ ಕಂಡಿದ್ದೇನೆ. ಈ ಉಪಕರಣವನ್ನು ಅರಿತು ಬಳಸಿದರೆ ಪ್ರಯೋಜನವುಂಟು. ಅರಿಯದೆ ನಂಬಿದರೆ ಪ್ರಾಣಕ್ಕೇ ಸಂಚಕಾರ. ಅದು ಹೇಗೆಂಬುದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ನಾನು ಕೃಷಿ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ಆದರೂ ಇದನ್ನು ಬರೆಯಲು ಒಂದು ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಮಾಡಿದ ತಪ್ಪು

ಹೋದ ವರ್ಷ ರಾಗಿ ಒಕ್ಕಣೆಯ ಕಾಲ. ರಾತ್ರಿ ಊಟವಾದ ಮೇಲೆ ನಮ್ಮ ಸೋದರಮಾವ ಜಗಲಿಯ ಮೇಲೆ ಕುಳಿತು ಎದೆ ನೀವಿಕೊಳ್ಳುತ್ತಿದ್ದರು. ಅವರಿಗೆ ಅರವತ್ತು ದಾಟಿದೆ. ಅಂಥ ಚಳಿಯಲ್ಲೂ ಹಣೆಯ ಮೇಲೆ ಬೆವರಿತ್ತು.

"ಎದೆ ಹಿಂಡಿದ ಹಾಗಾಗ್ತದೆ ಕಣಪ್ಪ. ಗ್ಯಾಸ್ ಇರಬೇಕು" ಎಂದರು.

ನಾನು ನನ್ನ ಗಡಿಯಾರ ಬಿಚ್ಚಿ ಅವರ ಕೈಗೆ ಕಟ್ಟಿದೆ. ಅದು ೭೮ ಎಂದು ತೋರಿಸಿತು. "ನಾಡಿ ಚೆನ್ನಾಗಿದೆ ಮಾವ, ಏನೂ ಇಲ್ಲ, ಮಲಗಿಕೊಳ್ಳಿ" ಎಂದೆ. ಅತ್ತೆ ಓಮದ ನೀರು ಕಾಯಿಸಿ ಕೊಟ್ಟರು. ಮಾವ ಮಲಗಿದರು. ಬೆಳಗಿನ ಜಾವ ಅವರಿಗೆ ಉಸಿರಾಡುವುದೇ ಕಷ್ಟವಾಯಿತು. ಆಸ್ಪತ್ರೆಗೆ ಕರೆದೊಯ್ದೆವು. ಇಸಿಜಿ ತೆಗೆದ ವೈದ್ಯರು ಇದು ಹೃದಯಾಘಾತವೆಂದು ಹೇಳಿ, ನೋವು ಶುರುವಾದದ್ದು ಯಾವಾಗ ಎಂದು ಕೇಳಿದರು. ಲೆಕ್ಕ ಹಾಕಿದರೆ ಏಳು ಗಂಟೆ ಕಳೆದುಹೋಗಿತ್ತು.

ಮಾವ ಬದುಕಿ ಬಂದರು. ಆದರೆ ಗುಂಡಿಗೆಯ ಒಂದು ಭಾಗ ಬಲಗುಂದಿದೆ. ದಿನವಿಡೀ ಉಳುತ್ತಿದ್ದವರಿಗೆ ಈಗ ತೋಟದ ಬದು ಹತ್ತಿದರೆ ಏದುಸಿರು ಬರುತ್ತದೆ. ಅಂದು ಗಡಿಯಾರ ಸುಳ್ಳು ಹೇಳಿರಲಿಲ್ಲ. ನಾಡಿ ೭೮ ಇದ್ದದ್ದು ನಿಜ. ಆ ಅಂಕೆಯಿಂದ ಹೃದಯಾಘಾತವಿಲ್ಲವೆಂದು ತೀರ್ಮಾನಿಸಿದ್ದು ನನ್ನ ತಪ್ಪು. ಈ ತಪ್ಪು ನಿಮ್ಮ ಮನೆಯಲ್ಲಿ ಆಗದಿರಲಿ.

ನಾಡಿ ಎಂದರೇನು?

ಗುಂಡಿಗೆ ಒಂದು ಸಲ ಮಿಡಿದಾಗ ರಕ್ತನಾಳಗಳಲ್ಲಿ ರಕ್ತದ ಒಂದು ಅಲೆ ಸಾಗುತ್ತದೆ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟರೆ ಆ ಅಲೆ ತಾಗುತ್ತದೆ. ಅದೇ ನಾಡಿ. ಪಶುವೈದ್ಯರು ಹಸುವಿನ ಬಾಲದ ಅಡಿಯಲ್ಲಿ ಬೆರಳಿಟ್ಟು ನೋಡುವುದೂ ಇದನ್ನೇ. ಸುಮ್ಮನೆ ಕುಳಿತ ವಯಸ್ಕರಲ್ಲಿ ಇದು ನಿಮಿಷಕ್ಕೆ ೬೦ರಿಂದ ೧೦೦ರವರೆಗೆ ಇರುತ್ತದೆ. ಮೈಮುರಿದು ದುಡಿಯುವವರಲ್ಲಿ ೬೦ಕ್ಕಿಂತ ಸ್ವಲ್ಪ ಕಡಿಮೆ ಇರುವುದೂ ಉಂಟು. ಓಡಿದರೆ, ಹೆದರಿದರೆ, ಜ್ವರ ಬಂದರೆ ಏರುತ್ತದೆ.

ಗಡಿಯಾರ ಎಣಿಸುವುದು ಹೇಗೆ?

ಗಡಿಯಾರವನ್ನು ಮಗುಚಿ ನೋಡಿರಿ. ಹಿಂಬದಿಯಲ್ಲಿ ಹಸಿರು ದೀಪ ಮಿನುಗುತ್ತದೆ. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಮಿಡಿತದ ಅಲೆ ಬಂದಾಗ ಚರ್ಮದ ಕೆಳಗೆ ರಕ್ತ ಹೆಚ್ಚಿ, ಹಿಂದಿರುಗುವ ಬೆಳಕು ಕಡಿಮೆಯಾಗುತ್ತದೆ. ಅಲೆ ಸರಿದಾಗ ಬೆಳಕು ಹೆಚ್ಚುತ್ತದೆ. ಈ ಏರಿಳಿತವನ್ನು ಎಣಿಸಿ ಗಡಿಯಾರ ಅಂಕೆ ತೋರಿಸುತ್ತದೆ.

ಈ ಸಾಧನ ಒಂದೇ ದಿನದಲ್ಲಿ ಬಂದದ್ದಲ್ಲ. ಗುಂಡಿಗೆಯ ವಿದ್ಯುತ್ತನ್ನು ಬರೆದು ತೋರಿಸುವ ಇಸಿಜಿ ವಿಧಾನಕ್ಕಾಗಿ ನೆದರ್‌ಲೆಂಡ್ಸ್ ದೇಶದ ವಿಲ್ಲೆಮ್ ಐಂತೋವನ್ ಅವರಿಗೆ ೧೯೨೪ರಲ್ಲಿ ನೊಬೆಲ್ ಬಹುಮಾನ ಬಂದಿತು. ಆ ಯಂತ್ರವನ್ನು ಹೊತ್ತು ತಿರುಗುವಂತಿರಲಿಲ್ಲ. ೧೯೪೯ರ ಸುಮಾರಿಗೆ ಅಮೆರಿಕದ ನಾರ್ಮನ್ ಹೋಲ್ಟರ್ ಎಂಬುವರು ಹೊತ್ತು ನಡೆಯಬಹುದಾದ ಯಂತ್ರ ಮಾಡಿದರು. ಅದರ ತೂಕ ೩೦ ಕಿಲೋಗೂ ಹೆಚ್ಚು. ೧೯೮೨ರಲ್ಲಿ ಫಿನ್‌ಲೆಂಡ್ ದೇಶದ ಪೋಲಾರ್ ಕಂಪನಿ ಎದೆಗೆ ಪಟ್ಟಿ ಕಟ್ಟಿ ಮಣಿಕಟ್ಟಿನಲ್ಲಿ ನಾಡಿ ನೋಡುವ ಸಾಧನವನ್ನು ಕ್ರೀಡಾಪಟುಗಳಿಗಾಗಿ ಮಾರಾಟಕ್ಕೆ ತಂದಿತು. ೨೦೧೮ರಲ್ಲಿ ಆಪಲ್ ಕಂಪನಿಯ ಕೈಗಡಿಯಾರದಲ್ಲಿ ಸಣ್ಣ ಪ್ರಮಾಣದ ಇಸಿಜಿಯೂ ಸೇರಿತು. ಒಬ್ಬ ಆಳು ಹೊರುವಷ್ಟಿದ್ದ ಹೊರೆ ಈಗ ಮಣಿಕಟ್ಟಿಗೆ ಬಂದಿದೆ.

ಗಡಿಯಾರದಿಂದ ಆಗುವ ಉಪಯೋಗಗಳು

೧. ದಿನದ ಲೆಕ್ಕ. ಬೆಳಿಗ್ಗೆ ಎದ್ದಾಗ ನಿಮ್ಮ ನಾಡಿ ಸಾಮಾನ್ಯವಾಗಿ ಎಷ್ಟಿರುತ್ತದೆಂದು ತಿಳಿಯಿರಿ. ದಿನವೂ ೭೦ ಇರುವವರಿಗೆ ಮೂರು ನಾಲ್ಕು ದಿನ ೯೦ ತೋರಿಸಿದರೆ ಜ್ವರವೋ ರಕ್ತಹೀನತೆಯೋ ಬೇರೇನೋ ಇದ್ದೀತು. ವೈದ್ಯರಿಗೆ ತೋರಿಸಲು ಇದು ಸಾಕಾದ ಕಾರಣ.

೨. ತಾಳ ತಪ್ಪಿದ ಮಿಡಿತ. ಕೆಲವರಲ್ಲಿ ಗುಂಡಿಗೆಯ ಮೇಲಿನ ಕೋಣೆಗಳು ಕ್ರಮ ತಪ್ಪಿ ನಡುಗುತ್ತವೆ. ಇದನ್ನು ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಕೆಲವು ಗಡಿಯಾರಗಳು ಈ ತಾಳ ತಪ್ಪಿದ್ದನ್ನು ಗುರುತಿಸಬಲ್ಲವು. ಅಮೆರಿಕದಲ್ಲಿ ೪,೧೯,೨೯೭ ಜನರ ಮೇಲೆ ನಡೆದು ೨೦೧೯ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ೨,೧೬೧ ಮಂದಿಗೆ ಗಡಿಯಾರ ಎಚ್ಚರಿಕೆ ನೀಡಿತು. ಅವರಲ್ಲಿ ೪೫೦ ಮಂದಿ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಮರುಪರೀಕ್ಷೆಗೆ ಒಳಪಟ್ಟರು. ನೂರಕ್ಕೆ ೩೪ ಮಂದಿಯಲ್ಲಿ ಈ ದೋಷ ಆಗಲೂ ಕಂಡಿತು. ಆದುದರಿಂದ ಎಚ್ಚರಿಕೆ ಬಂದರೆ ಗಾಬರಿ ಬೇಡ, ಅಸಡ್ಡೆಯೂ ಬೇಡ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸತಕ್ಕದ್ದು.

೩. ಬಿಸಿಲಿನ ದುಡಿಮೆ. ಇದು ನಮ್ಮ ರೈತರಿಗೆ ಮುಖ್ಯ. ಬಿಸಿಲಿನ ಕೆಲಸಗಾರರಿಗಾಗಿ ತಜ್ಞರು ಸರಳವಾದ ಒಂದು ಲೆಕ್ಕ ಹೇಳುತ್ತಾರೆ. ೧೮೦ರಲ್ಲಿ ನಿಮ್ಮ ವಯಸ್ಸನ್ನು ಕಳೆಯಿರಿ. ೪೦ ವರ್ಷದವರಿಗೆ ೧೪೦ ಉಳಿಯುತ್ತದೆ. ಹಲವು ನಿಮಿಷ ಒಂದೇ ಸಮನೆ ನಾಡಿ ಅದನ್ನು ಮೀರಿದರೆ ಗುದ್ದಲಿ ಕೆಳಗಿಟ್ಟು ನೆರಳಿಗೆ ಹೋಗಬೇಕು. ಬಿರುಸಿನ ಕೆಲಸ ನಿಲ್ಲಿಸಿ ಒಂದು ನಿಮಿಷವಾದರೂ ೧೨೦ಕ್ಕಿಂತ ಕೆಳಗಿಳಿಯದಿದ್ದರೆ ಮೈ ಸೋತಿದೆಯೆಂದು ತಿಳಿದು, ನೀರು ಮಜ್ಜಿಗೆ ಕುಡಿದು ಹೆಚ್ಚು ಹೊತ್ತು ವಿಶ್ರಮಿಸಬೇಕು. ಈ ಲೆಕ್ಕ ಗುಂಡಿಗೆ ಸರಿಯಾಗಿರುವವರಿಗೆ ಮಾತ್ರ. ಹೃದ್ರೋಗವುಳ್ಳವರು ತಮ್ಮ ಮಿತಿಯನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

೪. ಬಿದ್ದಾಗ ಸುದ್ದಿ. ಕೆಲವು ಗಡಿಯಾರಗಳು ಕಟ್ಟಿಕೊಂಡವರು ಜೋರಾಗಿ ಬಿದ್ದರೆ ಮನೆಯವರಿಗೆ ಕರೆ ಮಾಡುತ್ತವೆ. ಹೆಚ್ಚಿನವಕ್ಕೆ ಹತ್ತಿರದಲ್ಲಿ ಫೋನು ಇರಬೇಕು, ಹೊಲದಲ್ಲಿ ಸಿಗ್ನಲ್ಲೂ ಇರಬೇಕು. ಒಬ್ಬಂಟಿಯಾಗಿ ತೋಟಕ್ಕೆ ಹೋಗುವಾಗ ಎಲ್ಲಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಹೋಗುವ ಹಳೆಯ ಅಭ್ಯಾಸವನ್ನು ಬಿಡಬೇಡಿರಿ.

ಗಡಿಯಾರಕ್ಕೆ ತಿಳಿಯದ ಸಂಗತಿಗಳು

ನಿಮ್ಮ ತೋಟದ ಡ್ರಿಪ್ ಪೈಪನ್ನು ನೆನಪಿಗೆ ತಂದುಕೊಳ್ಳಿ. ಒಂದು ಸಾಲಿನ ಪೈಪಿನಲ್ಲಿ ಉಪ್ಪು ಕಟ್ಟಿಕೊಂಡರೂ ಮೋಟಾರು ಎಂದಿನಂತೆ ತಿರುಗುತ್ತದೆ. ಸ್ಟಾರ್ಟರ್ ಪೆಟ್ಟಿಗೆಯ ಮೀಟರು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತೀರಿ. ಅತ್ತ ಆ ಸಾಲಿನ ಗಿಡಗಳು ಒಣಗುತ್ತಿರುತ್ತವೆ.

ಹೃದಯಾಘಾತವೂ ಹೀಗೆಯೇ. ಮೈಗೆಲ್ಲ ರಕ್ತ ಒದಗಿಸುವ ಗುಂಡಿಗೆಗೂ ರಕ್ತ ಬೇಕು. ಅದನ್ನು ತರುವ ಸಣ್ಣ ನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿದರೆ ಆ ಭಾಗದ ಮಾಂಸಖಂಡ ಸಾಯತೊಡಗುತ್ತದೆ. ಅಷ್ಟಾದರೂ ಉಳಿದ ಭಾಗ ಮಿಡಿಯುತ್ತಲೇ ಇರುತ್ತದೆ. ನಾಡಿ ೭೮ ಇರಬಹುದು, ೧೧೦ ಇರಬಹುದು, ೫೦ ಇರಬಹುದು. ಅಂಕೆಯಿಂದ ಏನೂ ತೀರ್ಮಾನವಾಗದು. ಇಸಿಜಿ ಇರುವ ಗಡಿಯಾರವೂ ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲವೆಂದು ಅದನ್ನು ಮಾಡಿದವರೇ ತಿಳಿಸುತ್ತಾರೆ. ಆಸ್ಪತ್ರೆಯ ಇಸಿಜಿ ಗುಂಡಿಗೆಯನ್ನು ಹನ್ನೆರಡು ಕೋನಗಳಿಂದ ನೋಡುತ್ತದೆ, ಗಡಿಯಾರದ್ದು ಒಂದೇ ಕೋನ.

ಇನ್ನೂ ಎರಡು ಮಾತು. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು ನಾಡಿಯನ್ನು ತಗ್ಗಿಸಿ ಇಡುತ್ತವೆ. ಅವನ್ನು ನುಂಗುವವರಲ್ಲಿ ಅಪಾಯ ಬಂದರೂ ಅಂಕೆ ಏರದಿರಬಹುದು. ಹಾಗೆಯೇ ಕೀಟನಾಶಕ ಸಿಂಪಡಿಸಿದ ಮೇಲೆ ಬಾಯಲ್ಲಿ ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ಗಡಿಯಾರ ನೋಡುತ್ತಾ ಕೂರಬಾರದು. ಈ ವಿಷ ನಾಡಿಯನ್ನು ಇಳಿಸಲೂಬಹುದು, ಏರಿಸಲೂಬಹುದು. ಬಟ್ಟೆ ಕಳಚಿ, ಮೈಯನ್ನು ಸೋಪಿನಿಂದ ತೊಳೆದು, ಔಷಧದ ಡಬ್ಬಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ.

ಅಂಕೆ ತಪ್ಪುವ ಸಂದರ್ಭಗಳು

ಬೆಲ್ಟು ಸಡಿಲವಾಗಿದ್ದರೆ, ಹಿಂಬದಿಗೆ ಕೆಸರು ಮೆತ್ತಿದ್ದರೆ, ಕೈ ತಣ್ಣಗಾಗಿದ್ದರೆ, ಮಣಿಕಟ್ಟಿನ ಮೇಲೆ ಹಚ್ಚೆಯಿದ್ದರೆ ಎಣಿಕೆ ತಪ್ಪುತ್ತದೆ. ಗುದ್ದಲಿ ಹಾಕುವಾಗ, ಪವರ್ ಟಿಲ್ಲರ್ ಹಿಡಿದಾಗ ಕೈಯ ಅಲುಗಾಟವನ್ನೇ ನಾಡಿಯೆಂದು ಎಣಿಸುವುದುಂಟು. ಆದುದರಿಂದ ಕೆಲಸ ನಿಲ್ಲಿಸಿ, ಕೈಯನ್ನು ಅಲುಗಿಸದೆ ಅಂಕೆ ನೋಡಬೇಕು. ಹೊಸ ಗಡಿಯಾರ ತಂದಾಗ ಕುಳಿತು ಬೆರಳಿನಿಂದ ಒಂದು ನಿಮಿಷ ನಾಡಿ ಎಣಿಸಿ ತಾಳೆ ನೋಡಿರಿ. ಎರಡಕ್ಕೂ ಬಹಳ ಅಂತರವಿದ್ದರೆ ಅದನ್ನು ಹೊತ್ತು ನೋಡಲು ಮಾತ್ರ ಇಟ್ಟುಕೊಳ್ಳಿ.

ಆಸ್ಪತ್ರೆಗೆ ಯಾವಾಗ ಹೋಗಬೇಕು?

ಅಂಕೆ ಎಷ್ಟೇ ಇರಲಿ, ಈ ಲಕ್ಷಣಗಳಿದ್ದರೆ ಕೂಡಲೇ ಹೊರಡಬೇಕು:

೧. ಎದೆ ಹಿಂಡುವುದು, ಭಾರ ಹೇರಿದಂತಾಗುವುದು. ನೋವು ಎಡತೋಳು, ದವಡೆ, ಬೆನ್ನಿಗೆ ಹರಡುವುದು.
೨. ಕಾರಣವಿಲ್ಲದೆ ತಣ್ಣನೆಯ ಬೆವರು, ಉಸಿರು ಕಟ್ಟುವುದು.
೩. ತಲೆ ಸುತ್ತಿ ಬೀಳುವುದು, ಎಚ್ಚರ ತಪ್ಪುವುದು.
೪. ಬಾಯಿ ಸೊಟ್ಟಗಾಗುವುದು, ಒಂದು ಪಕ್ಕದ ಕೈಕಾಲು ಸೋಲುವುದು, ಮಾತು ತೊದಲುವುದು.

ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರಿಯ ಆಯಾಸ, ವಾಕರಿಕೆ, ಉಬ್ಬಸವಾಗಿ ಹೃದಯಾಘಾತ ಬರುವುದುಂಟು. "ಗ್ಯಾಸ್ ಇರಬೇಕು" ಎಂಬ ಮಾತನ್ನು ಮನೆಯವರು ಹೇಳಬಾರದು, ವೈದ್ಯರು ಹೇಳಲಿ.

ಇನ್ನು ಯಾವ ನೋವೂ ಇಲ್ಲದೆ, ಸುಮ್ಮನೆ ಕುಳಿತು ಹತ್ತು ನಿಮಿಷವಾದರೂ ಅಂಕೆ ೧೨೦ರ ಮೇಲೆಯೇ ಇದ್ದರೆ ಅಥವಾ ೪೦ಕ್ಕಿಂತ ಕೆಳಗಿದ್ದರೆ, ಬೆರಳಿನಿಂದ ಎಣಿಸಿ ಖಚಿತಮಾಡಿಕೊಂಡು ಅಂದೇ ವೈದ್ಯರಿಗೆ ತೋರಿಸಿರಿ.

ಆ ಹೊತ್ತಿನಲ್ಲಿ ಮಾಡಬೇಕಾದದ್ದು

ಮೊದಲು ೧೦೮ಕ್ಕೆ ಕರೆ ಮಾಡಿರಿ. ಊರಿನ ಹೆಸರು, ರಸ್ತೆಯ ಗುರುತು, ನೋವು ಶುರುವಾದ ಹೊತ್ತು ಇಷ್ಟನ್ನು ಹೇಳಿರಿ. ರೋಗಿಯನ್ನು ನಡೆಸಬೇಡಿರಿ, ಬೈಕಿನ ಮೇಲೆ ಕೂರಿಸಬೇಡಿರಿ. ಎಚ್ಚರ ತಪ್ಪಿ ಉಸಿರೂ ನಿಂತರೆ ಎದೆಯ ನಡುವೆ ಎರಡು ಅಂಗೈ ಇಟ್ಟು, ನಿಮಿಷಕ್ಕೆ ೧೦೦ರಿಂದ ೧೨೦ ಸಲದಂತೆ ಸುಮಾರು ೫ ಸೆಂಟಿಮೀಟರ್ ಆಳಕ್ಕೆ ಒತ್ತುತ್ತಾ ಇರಬೇಕು. ಸಹಾಯ ಬರುವವರೆಗೆ ನಿಲ್ಲಿಸಬಾರದು. ದಣಿದರೆ ಇನ್ನೊಬ್ಬರು ಮುಂದುವರಿಸಲಿ.

ನಟ ಪುನೀತ್ ರಾಜ್‌ಕುಮಾರ್ ಅವರು ೨೦೨೧ರ ಅಕ್ಟೋಬರ್ ೨೯ರಂದು ೪೬ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡದ್ದು ನಮಗೆಲ್ಲ ನೆನಪಿದೆ. ಅವರ ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ಅದರಂತೆ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಬೆಲೆಯುಳ್ಳ ಚುಚ್ಚುಮದ್ದನ್ನು ಬೇಕಾದವರಿಗೆ ಉಚಿತವಾಗಿ ಕೊಡುತ್ತಾರೆ. ಈ ಮದ್ದು ಮೊದಲ ಗಂಟೆಗಳಲ್ಲಿ ಮಾಡುವಷ್ಟು ಕೆಲಸವನ್ನು ತಡವಾದ ಮೇಲೆ ಮಾಡದು. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಏರ್ಪಾಡಿದೆ ಎಂದು ಇಂದೇ ಆಶಾ ಕಾರ್ಯಕರ್ತೆಯನ್ನು ಕೇಳಿ ಗೋಡೆಯ ಮೇಲೆ ಬರೆದಿಡಿರಿ.

ಪಾಠ ಓದಿದ ಮೇಲೆ ಮನೆಯವರನ್ನು ಕೇಳಿರಿ

೧. ಗಡಿಯಾರವಿಲ್ಲದೆ ನಾಡಿ ಎಣಿಸಲು ನಮ್ಮ ಮನೆಯಲ್ಲಿ ಯಾರಿಗೆ ಬರುತ್ತದೆ?
೨. ಮನೆಯ ಹಿರಿಯರ ಬೆಳಗಿನ ನಾಡಿ ಎಷ್ಟು?
೩. ರಾತ್ರಿ ಹನ್ನೆರಡಕ್ಕೆ ಎದೆನೋವು ಬಂದರೆ ಹೋಗುವುದು ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ?

ಮೂರಕ್ಕೂ ಉತ್ತರ ಸಿಕ್ಕರೆ ನಿಮ್ಮ ಮನೆ ಸಿದ್ಧವಾಗಿದೆ ಎಂದು ಅರ್ಥ. ಸಿಗದಿದ್ದರೆ ನಾನು ಊರಿಗೆ ಬಂದಾಗ ಕರೆಯಿರಿ. ನಾಡಿ ಎಣಿಸುವುದನ್ನು ಜಗಲಿಯ ಮೇಲೆ ಕುಳಿತು ಕಲಿಯೋಣ. ನಮ್ಮ ಮಾವ ಈಗಲೂ ಆ ಗಡಿಯಾರ ಕಟ್ಟಿಕೊಂಡಿದ್ದಾರೆ. ಬೆಳಿಗ್ಗೆ ಅಂಕೆ ನೋಡಿ ಚೀಟಿಯಲ್ಲಿ ಬರೆಯುತ್ತಾರೆ. ಎದೆಯಲ್ಲಿ ಸ್ವಲ್ಪ ಕಸಿವಿಸಿಯಾದರೂ ಅಂಕೆ ನೋಡುವುದಿಲ್ಲ, ಅತ್ತೆಯನ್ನು ಕೂಗುತ್ತಾರೆ. ನೀವೂ ಹಾಗೆಯೇ ಮಾಡಿರಿ.