ಸೊಳ್ಳೆ ಜಾಲರಿ ಬಾಗಿಲು: ಮೊದಲು ಸಂದು ಮುಚ್ಚಿ

ಶಿಕಾರಿಪುರ, ಸೊರಬದ ಕಡೆ ಕೆರೆಯಿಲ್ಲದ ಊರು ಸಿಗುವುದು ಅಪರೂಪ. ಅಂಜನಾಪುರ ಜಲಾಶಯದ ಕೆಳಗಿನ ಗದ್ದೆಯಿಂದ ವರದಾ, ದಂಡಾವತಿ ದಂಡೆಯ ಭತ್ತದ ಬಯಲಿನವರೆಗೆ ಮಳೆಗಾಲದಲ್ಲಿ ನೀರು ನಿಂತೇ ಇರುತ್ತದೆ. ಆ ನೀರು ಕ್ಯುಲೆಕ್ಸ್ ಸೊಳ್ಳೆಗಳ ತವರು. ಮುಂಬಾಗಿಲಿಗೆ ಜಾಲರಿ ಬಾಗಿಲು ಹಾಕಿಸಿಯೂ ಸೊಳ್ಳೆ ಕಾಟ ತಪ್ಪದಿದ್ದರೆ ಜನ ಜಾಲರಿಯನ್ನೇ ಬೈದು ಹೊಸದು ತರುತ್ತಾರೆ. ತಪ್ಪು ಹೆಚ್ಚಾಗಿ ಜಾಲರಿಯದಲ್ಲ. ಬಾಗಿಲು ಜೋತುಬಿದ್ದು ಅಂಚಿನಲ್ಲಿ ಸಂದು ಬಿಟ್ಟಿರುತ್ತದೆ. ಹಾಗಾಗಿ ಕೆಲಸವನ್ನು ಅಂಚಿನಿಂದ ಶುರುಮಾಡಿ, ಜಾಲರಿಗೆ ಕೊನೆಗೆ ಬನ್ನಿ. ಬಡಗಿಯನ್ನು ಕರೆಸದೆ ನೀವೇ ಮುಗಿಸಬಹುದಾದ ಕೆಲಸ ಇದು.

ಹಂತ 1: ಸಂದು ಹುಡುಕಿ

ಕತ್ತಲಾದ ಮೇಲೆ ಒಳಗೆ ದೀಪ ಹಾಕಿ, ಜಾಲರಿ ಬಾಗಿಲು ಮುಚ್ಚಿ, ಹೊರಗೆ ಜಗುಲಿಯಲ್ಲಿ ನಿಂತು ನೋಡಿ. ಬಾಗಿಲುವಾಡದ ಸುತ್ತ ಬೆಳಕಿನ ಗೆರೆ ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಸಾಮಾನ್ಯ ಜಾಲರಿಯ ಕಣ್ಣು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಹೊಸ್ತಿಲ ಮೇಲೆ ಬೆರಳು ತೂರುವಷ್ಟು ಸಂದು ಬಿಟ್ಟುಕೊಂಡು ಅಷ್ಟು ಸಣ್ಣ ಕಣ್ಣಿನ ಜಾಲರಿ ಹಾಕಿ ಪ್ರಯೋಜನವಿಲ್ಲ.

ಹಂತ 2: ಜೋತುಬಿದ್ದ ಬಾಗಿಲನ್ನು ಎತ್ತಿ

ಇದೇ ಮುಖ್ಯ ಕೆಲಸ, ಇದಕ್ಕೆ ಸಮಯ ಕೊಡಿ. ಮೊದಲು ಮೇಲಿನ ಹಿಂಜಿನ ಸ್ಕ್ರೂಗಳನ್ನು ಬಿಗಿ ಮಾಡಿ. ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ ತೂತು ಸಡಿಲಾಗಿದೆ ಎಂದರ್ಥ. ಬಿದಿರಿನ ಸಣ್ಣ ಸಿಗುಳನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿನೊಳಗೆ ಬಡಿದು ತುಂಬಿ. ಒಂದು ದಿನ ಒಣಗಿದ ಮೇಲೆ ಸ್ವಲ್ಪ ಉದ್ದದ ಸ್ಕ್ರೂ ಹಾಕಿ. ನಮ್ಮ ಕಡೆ ಈಗ ಅಕೇಶಿಯಾದ ಚೌಕಟ್ಟು ಸಾಮಾನ್ಯ. ಆ ಮರ ಗಟ್ಟಿ, ಸೀದಾ ಸ್ಕ್ರೂ ಒತ್ತಿದರೆ ಸೀಳುತ್ತದೆ. ಮೊದಲು 3 ಮಿಲಿಮೀಟರ್ ಬಿಟ್‌ನಲ್ಲಿ ತೂತು ಕೊರೆದುಕೊಳ್ಳಿ.

ಇಷ್ಟಾದರೂ ಹಿಡಿಕೆಯ ಕಡೆಯ ಕೆಳಮೂಲೆ ನೆಲ ತಾಗುತ್ತಿದ್ದರೆ ಕರ್ಣಾಕಾರದಲ್ಲಿ ಒಂದು ತಂತಿ ಎಳೆಯಬೇಕು. ಹಿಂಜಿನ ಕಡೆಯ ಮೇಲಿನ ಮೂಲೆಯಿಂದ ಹಿಡಿಕೆಯ ಕಡೆಯ ಕೆಳಗಿನ ಮೂಲೆಗೆ ತಂತಿ ಕಟ್ಟಿ, ನಡುವೆ ಒಂದು ಟರ್ನ್‌ಬಕಲ್ ಹಾಕಿ ತಿರುಗಿಸುತ್ತ ಹೋದರೆ ಬಾಗಿಲು ಮೆಲ್ಲಗೆ ಮೇಲೇಳುತ್ತದೆ. ತಂತಿಯ ದಿಕ್ಕು ಅದಲುಬದಲಾದರೆ ಬಾಗಿಲು ಇನ್ನಷ್ಟು ಕೆಳಗಿಳಿಯುತ್ತದೆ, ಇದು ನೆನಪಿರಲಿ.

ಉಜ್ಜುಗೊರಡನ್ನು ಮಾತ್ರ ಆಷಾಢದಲ್ಲಿ ಮುಟ್ಟಬೇಡಿ. ಮಳೆಯಲ್ಲಿ ಮರ ಉಬ್ಬಿ ಬಾಗಿಲು ಬಿಗಿಯಾಗಿರುತ್ತದೆ. ಆಗ ಕೆತ್ತಿದರೆ ಬೇಸಿಗೆಗೆ ಅಲ್ಲೇ ಸಂದು ಬಾಯಿ ಬಿಡುತ್ತದೆ. ಸೊರಬದ ಪಶ್ಚಿಮದ ಊರುಗಳಲ್ಲಿ ಮಳೆ ಹೆಚ್ಚು, ಅಲ್ಲಂತೂ ಕೆತ್ತುವ ಕೆಲಸ ಮಾರ್ಚ್–ಏಪ್ರಿಲ್‌ಗೇ ಇರಲಿ, ಉಬ್ಬುವ ಮರಕ್ಕೆ ಸ್ವಲ್ಪ ಜಾಗವನ್ನೂ ಬಿಡಿ.

ಹಂತ 3: ಹೊಸ್ತಿಲ ಸಂದು

ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಎರಡು ಇಂಚು ಅಗಲದ ಪಟ್ಟಿ ಮಾಡಿ. ಬಾಗಿಲಿನ ಕೆಳಪಟ್ಟಿಗೆ, ರಬ್ಬರು ಹೊಸ್ತಿಲನ್ನು ಸವರುವಂತೆ ಇಟ್ಟು, ಮೇಲೊಂದು ತೆಳು ರೀಪು ಕೂರಿಸಿ ಸ್ಕ್ರೂ ಹಾಕಿ. ಅಂಗಡಿಯಲ್ಲಿ ಸಿಗುವ ಬ್ರಷ್ ಪಟ್ಟಿಯೂ ಆಗುತ್ತದೆ. ಯಾವುದಾದರೂ ಸರಿ, ಬಾಗಿಲಿಗೇ ಹಾಕಿ. ಅರಿಶಿನ ಕುಂಕುಮ ಇಟ್ಟು ಪೂಜಿಸುವ ಹೊಸ್ತಿಲಿಗೆ ಮೊಳೆ ಹೊಡೆಯುವ ಅಗತ್ಯವೇ ಇಲ್ಲ. ಪಕ್ಕದ ಸಂದುಗಳಿಗೆ ಅಂಟುವ ಫೋಮ್ ಪಟ್ಟಿ ಸಾಕು.

ಹಂತ 4: ಜಾಲರಿ

ಸಣ್ಣ ತೂತಾದರೆ ಅದೇ ಜಾಲರಿಯ ತುಂಡನ್ನು ನೈಲಾನ್ ದಾರದಲ್ಲಿ ಹೊಲಿಯಿರಿ. ಪೂರ್ತಿ ಹೋಗಿದ್ದರೆ ಬಾಗಿಲು ಬಿಚ್ಚಿ ನೆಲದ ಮೇಲೆ ಮಲಗಿಸಿ. ಬೀಡಿಂಗ್ ಪಟ್ಟಿಗಳನ್ನು ಮುರಿಯದಂತೆ ಎಬ್ಬಿಸಿ, ಹಿಂದೆ ಅಂಕಿ ಬರೆದಿಡಿ. ಹೊಸ ಜಾಲರಿಯನ್ನು ಎಲ್ಲ ಕಡೆ ಎರಡಿಂಚು ಹೆಚ್ಚಿಗೆ ಕತ್ತರಿಸಿ. ಮೊದಲು ಮೇಲ್ಭಾಗಕ್ಕೆ ಪಿನ್ನು ಹೊಡೆದು, ಕೆಳಕ್ಕೆಳೆದು ಕೂರಿಸಿ, ಆಮೇಲೆ ಪಕ್ಕಗಳನ್ನು ನಡುವಿನಿಂದ ಮೂಲೆಯ ಕಡೆಗೆ ಬಿಗಿಯಿರಿ. ಅತಿಯಾಗಿ ಎಳೆದರೆ ತೆಳು ಚೌಕಟ್ಟು ಒಳಕ್ಕೆ ಬಾಗುತ್ತದೆ. ಬೀಡಿಂಗ್ ಮತ್ತೆ ಕೂರಿಸಿದ ಮೇಲೆ ಹೆಚ್ಚಾದದ್ದನ್ನು ಕತ್ತರಿಸಿ.

ಕಬ್ಬಿಣದ ಜಾಲರಿ ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ. ಫೈಬರ್ ಗ್ಲಾಸಿಗೆ ತುಕ್ಕಿಲ್ಲ, ಆದರೆ ಭತ್ತದ ಚೀಲ ಇಟ್ಟ ಮನೆಯಲ್ಲಿ ಇಲಿ ಕಡಿಯುತ್ತದೆ. ಅಂಥಲ್ಲಿ ಸ್ಟೇನ್‌ಲೆಸ್ ಸ್ಟೀಲಿಗೆ ಖರ್ಚು ಮಾಡಿದರೆ ನಷ್ಟವಿಲ್ಲ. ಮಕ್ಕಳು ಕಾಲಲ್ಲಿ ನೂಕುವ ಕೆಳಗಿನ ಒಂದಡಿಗೆ ಅಲ್ಯೂಮಿನಿಯಂ ತಗಡು ಹೊದಿಸಿ.

ಹಂತ 5: ತಾನೇ ಮುಚ್ಚಿಕೊಳ್ಳಲಿ

ಹಿಂಜಿನ ಕಡೆ ಒಂದು ಸ್ಪ್ರಿಂಗು, ಹಿಡಿಕೆಯ ಕಡೆ ಒಂದು ಅಯಸ್ಕಾಂತದ ಕ್ಯಾಚ್ ಹಾಕಿ. ವಯಸ್ಸಾದವರಿದ್ದರೆ ಸ್ಪ್ರಿಂಗು ಮೆದುವಾಗಿರಲಿ. ಸಂಜೆಗೆ ಬಾಗಿಲು ಹಾಕಿದರೆ ಸಾಕೆಂಬ ಅಭ್ಯಾಸ ಬಿಡಿ, ಡೆಂಗಿ ಹರಡುವ ಈಡಿಸ್ ಕಚ್ಚುವುದು ಹಗಲಲ್ಲಿ.

ಈ ಬಾಗಿಲು ತಡೆಯದ ಕಾಯಿಲೆಯೂ ಒಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ. ಉಣುಗು ಕಾಡಿಗೆ ಹೋಗಿಬಂದವರ ಬಟ್ಟೆಗೆ ಅಂಟಿಕೊಂಡು ಬರಬಹುದು. ಬಟ್ಟೆಯನ್ನು ಹೊರಗೇ ಬದಲಿಸಿ, ಬಿಸಿನೀರಿನಲ್ಲಿ ಒಗೆಯಿರಿ.

ಮಳೆ ಶುರುವಾದ ಮೇಲೆ ವಾರಕ್ಕೊಮ್ಮೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಹಳೆ ಟೈರಿನ ನೀರು ಚೆಲ್ಲಿ. ಈಡಿಸ್ ಮೊಟ್ಟೆ ಸೊಳ್ಳೆಯಾಗಿ ಹಾರಲು ವಾರ–ಹತ್ತು ದಿನ ಸಾಕು.